ಕಸ್ಟರ್, ಲಿಬ್ಬಿ ಮತ್ತು ಕಪ್ಪು ಬೆಟ್ಟದ ಚಿನ್ನ

ಎಲ್ಲರಿಗೂ ನಮಸ್ಕಾರ. ಎರಡು ಗಂಟೆ ಇಪ್ಪತ್ತು ನಿಮಿಷ ಕೂತು ಕಾಲು ಜೋಮು ಹಿಡಿದಿರಬೇಕು. ಬೇಕಾದವರು ಎದ್ದು ನಿಂತೇ ಕೇಳಿ, ನನಗೇನೂ ಬೇಜಾರಿಲ್ಲ.

ನೀವು ಈಗ ನೋಡಿದ ಸಿನಿಮಾ 'ದೇ ಡೈಡ್ ವಿತ್ ದೇರ್ ಬೂಟ್ಸ್ ಆನ್'. ಬೂಟು ಬಿಚ್ಚದೆ ಸತ್ತರು ಅಂತ. ಹಾಸಿಗೆ ಹಿಡಿದು ಸಾಯಲಿಲ್ಲ, ಕಾದಾಡುತ್ತಲೇ ಪ್ರಾಣ ಬಿಟ್ಟರು ಅನ್ನುವ ಅರ್ಥ. ಬಿಡುಗಡೆಯಾದದ್ದು 1941ರ ನವೆಂಬರ್‌ನಲ್ಲಿ. ನಿರ್ದೇಶಕ ರೌಲ್ ವಾಲ್ಶ್. ಕಥಾನಾಯಕ ಕಸ್ಟರ್ ಹತ್ತೊಂಬತ್ತನೇ ಶತಮಾನದ ಅಮೆರಿಕದ ಅಶ್ವದಳದ ಅಧಿಕಾರಿ. ಆ ಪಾತ್ರದಲ್ಲಿ ಎರಲ್ ಫ್ಲಿನ್, ಹೆಂಡತಿ ಲಿಬ್ಬಿಯಾಗಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್. ಕ್ರೇಜಿ ಹಾರ್ಸ್ ಪಾತ್ರ ಮೆಕ್ಸಿಕೊದಲ್ಲಿ ಹುಟ್ಟಿದ ಆಂಥೊನಿ ಕ್ವಿನ್‌ಗೆ ಹೋಯಿತು. ಅಮೆರಿಕದ ಮೂಲನಿವಾಸಿಗಳಾದ ಸಿಯೂ ಜನರಲ್ಲಿ ದೊಡ್ಡ ಪಂಗಡ ಲಕೋಟಾ, ಕ್ರೇಜಿ ಹಾರ್ಸ್ ಅವರ ನಾಯಕ. ಆ ಪಾತ್ರಕ್ಕೆ ಲಕೋಟಾ ನಟನೇ ಬೇಕು ಅಂತ ಆಗಿನ ಹಾಲಿವುಡ್ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಈ ಸಿನಿಮಾದಲ್ಲಿ ತಪ್ಪು ಹುಡುಕೋದು ಸುಲಭದ ಕೆಲಸ. ಕೊನೆಯ ಯುದ್ಧದಲ್ಲಿ ಫ್ಲಿನ್‌ಗೆ ಉದ್ದ ಕೂದಲು, ಕೈಯಲ್ಲಿ ಕತ್ತಿ. ನಿಜವಾದ ಕಸ್ಟರ್ ಲಕೋಟಾಗಳ ಮೇಲಿನ ಆ ದಂಡಯಾತ್ರೆಗೆ ಹೊರಡುವ ಮುಂಚೆಯೇ ಕೂದಲು ಗಿಡ್ಡ ಮಾಡಿಸಿಕೊಂಡಿದ್ದ. ಕತ್ತಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ದಾರಿಯಲ್ಲೇ ಬಿಟ್ಟು ಹೋಗಿದ್ದರು. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ಹೊಳೆಯ ಹತ್ತಿರ ಅವನೂ ಅವನ ಜೊತೆಗಿದ್ದ ಸುಮಾರು 210 ಜನರೂ ಸತ್ತದ್ದು ಹಳ್ಳ ದಿಣ್ಣೆಗಳ ನಡುವೆ, ಸಿನಿಮಾದಲ್ಲಿರುವಂಥ ಬಟಾಬಯಲಲ್ಲಿ ಅಲ್ಲ. ಇರಲಿ ಬಿಡಿ. ಕೂದಲು, ಕತ್ತಿ ಇವೆಲ್ಲ ಸಿನಿಮಾದವರ ಚಪಲ. ನನ್ನ ತಕರಾರು ಚಿನ್ನದ ಬಗ್ಗೆ.

ಸಿನಿಮಾದಲ್ಲಿ ಏನಾಗುತ್ತದೆ ನೆನಪಿಸಿಕೊಳ್ಳಿ. ಲಕೋಟಾಗಳ ನೆಲವಾದ ಕಪ್ಪು ಬೆಟ್ಟಗಳನ್ನು, ಅಂದರೆ ಬ್ಲ್ಯಾಕ್ ಹಿಲ್ಸ್ ಅನ್ನು, ಮುಟ್ಟುವುದಿಲ್ಲ ಅಂತ ಕಸ್ಟರ್ ಕ್ರೇಜಿ ಹಾರ್ಸ್‌ಗೆ ಮಾತು ಕೊಡುತ್ತಾನೆ. ಆಮೇಲೆ ಒಂದು ಕಂಪನಿಯ ಖದೀಮರು ಬೆಟ್ಟದಲ್ಲಿ ಚಿನ್ನ ಇದೆ ಅಂತ ಸುಳ್ಳುಸುದ್ದಿ ಹಬ್ಬಿಸುತ್ತಾರೆ. ಜನ ನುಗ್ಗುತ್ತಾರೆ, ಒಪ್ಪಂದ ಮುರಿಯುತ್ತದೆ, ಯುದ್ಧ ಶುರುವಾಗುತ್ತದೆ. ಕಸ್ಟರ್ ಪಾಪ, ಬೇರೆಯವರು ಮಾಡಿದ ಪಾಪಕ್ಕೆ ತಲೆ ಕೊಡುತ್ತಾನೆ.

ನಡೆದದ್ದು ಪೂರ್ತಿ ಉಲ್ಟಾ. ಆ ಬೆಟ್ಟಗಳು ಲಕೋಟಾಗಳದ್ದು ಅಂತ 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಸರ್ಕಾರವೇ ಬರೆದುಕೊಟ್ಟಿತ್ತು. ಆರು ವರ್ಷ ಕಳೆಯಿತು. 1874ರ ಬೇಸಿಗೆಯಲ್ಲಿ ಸುಮಾರು ಸಾವಿರ ಜನರನ್ನು ಕಟ್ಟಿಕೊಂಡು ಆ ಬೆಟ್ಟಕ್ಕೆ ಹೋದವನು ಸಾಕ್ಷಾತ್ ಕಸ್ಟರ್. ಜೊತೆಯಲ್ಲಿ ಗಣಿ ಕೆಲಸ ಬಲ್ಲವರು, ಪತ್ರಿಕೆಯವರು, ಒಬ್ಬ ಫೋಟೊಗ್ರಾಫರ್, ಕುದುರೆ ಮೇಲೆ ಕೂತ ಬ್ಯಾಂಡಿನವರು! ಗುಟ್ಟಾಗಿ ನೋಡಿ ಬರುವ ಸೈನ್ಯ ಬ್ಯಾಂಡು, ವರದಿಗಾರರನ್ನು ಕರೆದುಕೊಂಡು ಹೋಗುತ್ತದಾ? ಫ್ರೆಂಚ್ ಕ್ರೀಕ್ ಅನ್ನುವ ತೊರೆಯಲ್ಲಿ ಚಿನ್ನದ ಕಣ ಸಿಕ್ಕಿತು. ಕಸ್ಟರ್ ವರದಿ ಬರೆದ. ಚಾರ್ಲಿ ರೆನಾಲ್ಡ್ಸ್ ಎಂಬ ಬೇಹುಗಾರ ಅದನ್ನು ಹೊತ್ತು ಕುದುರೆ ಓಡಿಸಿಕೊಂಡು ಫೋರ್ಟ್ ಲಾರಮಿಗೆ ಮುಟ್ಟಿಸಿದ. ಸುದ್ದಿ ಪತ್ರಿಕೆಗಳಲ್ಲಿ ಬಂತು, ಜನ ಗುದ್ದಲಿ ಹಿಡಿದು ಹೊರಟರು.

ಅಂದರೆ ಸಿನಿಮಾದ ಖಳನಾಯಕರು ಮಾಡಿದ ಕೆಲಸ ನಿಜದಲ್ಲಿ ಸಿನಿಮಾದ ನಾಯಕನದ್ದು. ಒಂದೇ ವ್ಯತ್ಯಾಸ, ಅವನು ಹೇಳಿದ್ದು ಸುಳ್ಳಲ್ಲ. ಅಲ್ಲಿ ಶುರುವಾದ ಹೋಮ್‌ಸ್ಟೇಕ್ ಚಿನ್ನದ ಗಣಿ 2002ರವರೆಗೂ ಇತ್ತು.

ಇಷ್ಟಾದರೂ ಇದನ್ನು ಸುಮ್ನೆ 'ಇಂಡಿಯನ್ ವಿರೋಧಿ ಸಿನಿಮಾ', ಅಂದರೆ ಅಮೆರಿಕದ ಮೂಲನಿವಾಸಿಗಳ ವಿರೋಧಿ, ಅಂತ ಪಕ್ಕಕ್ಕಿಡೋಕೆ ನನಗೆ ಮನಸ್ಸಿಲ್ಲ. ಲಕೋಟಾಗಳಿಗೆ ಮೋಸ ಆಯಿತು ಅಂತ ಇದು ಬಾಯಿ ಬಿಟ್ಟು ಹೇಳುತ್ತದೆ. 1941ರಲ್ಲಿ ಅದು ಸಣ್ಣ ಮಾತಲ್ಲ. ಆದರೆ ಮೋಸ ಮಾಡಿದ್ದು ಯಾರು ಅಂದಾಗ ಬೆರಳು ವ್ಯಾಪಾರಿಗಳ ಕಡೆ ತಿರುಗುತ್ತದೆ. ಯೂರೋಪಿನಲ್ಲಿ ಆಗಲೇ ಯುದ್ಧ ನಡೆದಿತ್ತು. ಬಿಡುಗಡೆಯಾಗಿ ತಿಂಗಳು ತುಂಬುವ ಮುಂಚೆ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ದಾಳಿ ಆಯಿತು. ಅಂಥ ಹೊತ್ತಿನಲ್ಲಿ ಸೈನ್ಯದ ಮೈಮೇಲೆ ಕೊಳೆ ಕಾಣಬಾರದಿತ್ತು.

ಆ ಕುಣಿಯುವ ರಾಗ ಇನ್ನೂ ಕಿವಿಯಲ್ಲಿದೆ ಅಲ್ವಾ? ಅದು 'ಗ್ಯಾರಿಓವನ್', ಐರಿಶ್ ಧಾಟಿ. ಕಸ್ಟರ್‌ನ ಏಳನೇ ಅಶ್ವದಳಕ್ಕೆ ಅದು ನಿಜವಾಗಿಯೂ ಅಚ್ಚುಮೆಚ್ಚು. 1868ರ ನವೆಂಬರ್ 27ರ ಬೆಳಗಿನ ಜಾವ, ವಾಷಿಟಾ ನದಿಯ ದಂಡೆಯಲ್ಲಿ ಮಲಗಿದ್ದ ಶೈಯನ್ ಎಂಬ ಇನ್ನೊಂದು ಮೂಲನಿವಾಸಿ ಜನರ ಬಿಡಾರದ ಮೇಲೆ ಕಸ್ಟರ್ ಬಿದ್ದಾಗ ಬ್ಯಾಂಡಿನವರು ಇದನ್ನೇ ಊದಿದರು. ಕೊರೆಯುವ ಹಿಮ. ಕಹಳೆಯೊಳಗೆ ಎಂಜಲು ಹೆಪ್ಪುಗಟ್ಟಿ ರಾಗ ಅರ್ಧಕ್ಕೇ ನಿಂತಿತು. ಸಮಾಧಾನ ಬಯಸುತ್ತಿದ್ದ ಮುಖಂಡ ಬ್ಲ್ಯಾಕ್ ಕೆಟಲ್ ಮತ್ತು ಅವನ ಹೆಂಡತಿ ಅಲ್ಲೇ ಗುಂಡೇಟಿಗೆ ಸತ್ತರು. ಸಿನಿಮಾದಲ್ಲಿ ರಾಗ ಇದೆ, ಆ ಬೆಳಗಿನ ಸುಳಿವೇ ಇಲ್ಲ.

ಇನ್ನು ಕೊನೆ. ಕಸ್ಟರ್ ಕೊಟ್ಟ ಮಾತನ್ನು ಸರ್ಕಾರ ಉಳಿಸಿಕೊಳ್ಳುತ್ತದೆ ಅಂತ ಲಿಬ್ಬಿಗೆ ಭರವಸೆ ಸಿಗುತ್ತದೆ, ಪರದೆ ಬೀಳುತ್ತದೆ. ಹೊರಗಿನ ಜಗತ್ತಿನಲ್ಲಿ ಕಸ್ಟರ್ ಸತ್ತು ಎಂಟು ತಿಂಗಳಿಗೆ, 1877ರ ಫೆಬ್ರುವರಿ 28ರಂದು, ಕಾನೂನು ಮಾಡಿ ಬೆಟ್ಟಗಳನ್ನು ಕಿತ್ತುಕೊಂಡರು. ಅದೇ ಸೆಪ್ಟೆಂಬರ್‌ನಲ್ಲಿ, ಶರಣಾಗಿದ್ದ ಕ್ರೇಜಿ ಹಾರ್ಸ್ ಫೋರ್ಟ್ ರಾಬಿನ್ಸನ್‌ನಲ್ಲಿ ಬಯೊನೆಟ್ ಇರಿತಕ್ಕೆ ಸತ್ತ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೆ ಪರಿಹಾರ ಕೊಡಲೇಬೇಕು ಅಂತ ಹೇಳಿತು. ಬಡ್ಡಿ ಸೇರಿ ಹತ್ತು ಕೋಟಿ ಡಾಲರ್‌ಗೂ ಜಾಸ್ತಿ. ಸಿಯೂ ಜನ ಮುಟ್ಟಲಿಲ್ಲ. ನಮಗೆ ದುಡ್ಡು ಬೇಡ, ಬೆಟ್ಟ ಕೊಡಿ ಅಂದರು. ಆ ಹಣ ಬೆಳೆದು ಇವತ್ತು ನೂರು ಕೋಟಿ ಡಾಲರ್ ದಾಟಿದೆ, ಹಾಗೇ ಬಿದ್ದಿದೆ.

ಹಾಗಾದರೆ ಈ ಒಳ್ಳೆಯ ಕಸ್ಟರ್ ಬಂದದ್ದು ಎಲ್ಲಿಂದ? ಬಹುಪಾಲು ಲಿಬ್ಬಿಯಿಂದ. ಗಂಡ ಸತ್ತ ಮೇಲೆ ಆಕೆ 57 ವರ್ಷ ಬದುಕಿದರು. ಮತ್ತೆ ಮದುವೆಯಾಗಲಿಲ್ಲ. ಪುಸ್ತಕ ಬರೆದರು, ಊರೂರು ಸುತ್ತಿ ಭಾಷಣ ಮಾಡಿದರು, ಗಂಡನ ಹೆಸರಿಗೆ ಮಸಿ ಬೀಳದಂತೆ ಕಾದರು. ತೀರಿಕೊಂಡದ್ದು 1933ರಲ್ಲಿ. ಅವರು ಕಾದಿಟ್ಟ ಕಸ್ಟರ್‌ನನ್ನೇ ಎಂಟು ವರ್ಷದ ನಂತರ ವಾಲ್ಶ್ ಪರದೆಗೆ ತಂದ.

ಅದಕ್ಕೇ ಇರಬೇಕು, ಇಡೀ ಸಿನಿಮಾದಲ್ಲಿ ನಾನು ಪೂರ್ತಿ ನಂಬುವುದು ಒಂದೇ ದೃಶ್ಯವನ್ನ, ಗಂಡ ಹೆಂಡತಿಯ ವಿದಾಯ. ಬದುಕಿ ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತು, ಇಬ್ಬರೂ ಗೊತ್ತಿಲ್ಲದವರ ಹಾಗೆ ಮಾತಾಡುತ್ತಾರೆ. ಫ್ಲಿನ್ ಮತ್ತು ಒಲಿವಿಯಾ ಜೋಡಿಯಾಗಿ ನಟಿಸಿದ ಕೊನೆಯ ಸಿನಿಮಾ ಇದು. ಪ್ರೊಜೆಕ್ಟರ್ ಹತ್ತಿರ ಇರುವವರು ಆ ದೃಶ್ಯವನ್ನು ಇನ್ನೊಂದು ಸಲ ಹಾಕುತ್ತೀರಾ? ಅವನು ಬಾಗಿಲು ದಾಟಿದ ಮೇಲೆ ಕ್ಯಾಮೆರಾ ಅವಳನ್ನು ಬಿಟ್ಟು ಹೋಗುವುದಿಲ್ಲ. ಗೋಡೆಗೆ ಒರಗಿ ನಿಂತಿರುತ್ತಾಳೆ, ನೋಡಿ.