ಕಾಫಿ ಕಣದಲ್ಲಿ ಕೇಮನ್: ಹಿಂದಿನ ಚಕ್ರ ಜಾರಿದಾಗ ಬಲಗಾಲಿಗೆ ಏನು ಕೆಲಸ?

ಈ ನೆಲ ನೋಡಿ. ಕಾಂಕ್ರೀಟೇ, ಆದ್ರೆ ಬಣ್ಣ ಹಸಿರು. ಆಲ್ದೂರಿನ ಹತ್ರ ನಮ್ಮ ಭಾವನ ದೊಡ್ಡಪ್ಪನ ತೋಟ, ಅವರ ಕಾಫಿ ಕಣ ಇದು. ಕೊಯ್ಲಿನ ಟೈಮಲ್ಲಿ ಇಲ್ಲಿ ಕಾಲಿಡೋಕೆ ಜಾಗ ಇರಲ್ಲ, ಈ ತುದಿಯಿಂದ ಆ ತುದಿವರೆಗೆ ಕಾಫಿ ಹರಡಿರ್ತಾರೆ. ಈಗ ಆಷಾಢದ ಮಳೆ, ಕಣ ಖಾಲಿ, ಮೇಲೆ ತೆಳ್ಳಗೆ ಪಾಚಿ ಕಟ್ಟಿದೆ. ಚಪ್ಪಲಿ ಹಾಕ್ಕೊಂಡು ಸ್ವಲ್ಪ ಬೇಗ ನಡೆದ್ರೂ ಕಾಲು ಜಾರತ್ತೆ. ಇಂಥ ನೆಲದ ಮೇಲೆ ಭಾವನ ಪೋರ್ಶೆ 718 ಕೇಮನ್ ತಂದು ನಿಲ್ಲಿಸಿದ್ದೀವಿ. ಕಣ ಟಾರ್ ರೋಡಿಗೆ ಅಂಟಿಕೊಂಡೇ ಇರೋದ್ರಿಂದ ಅಡಿ ತಾಗದೆ ಒಳಗೆ ಬಂತು.

ನಾವು ಬಂದಿರೋದು ಒಂದೇ ಕೆಲಸಕ್ಕೆ. ಇಂಜಿನ್ ನಡುವೆ ಇರೋ ಕಾರಿನಲ್ಲಿ ಹಿಂದಿನ ಚಕ್ರ ಹಿಡಿತ ಬಿಟ್ಟಾಗ ಏನಾಗತ್ತೆ, ಆಗ ಏನು ಮಾಡಬೇಕು ಅಂತ ಕಡಿಮೆ ಸ್ಪೀಡಲ್ಲಿ, ಯಾರಿಗೂ ಅಪಾಯ ಇಲ್ಲದ ಜಾಗದಲ್ಲಿ ಭಾವನ ಕೈಗೆ, ಕಾಲಿಗೆ ರೂಢಿ ಮಾಡಿಸೋದು. ಮಧ್ಯದಲ್ಲಿ ನಾಲ್ಕು ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿದ್ದೀವಿ. ಜನ, ನಾಯಿ ಎಲ್ಲ ಗೇಟಿನ ಆಚೆ. ಸ್ಪೀಡು ಮೂವತ್ತೈದು ದಾಟೋ ಹಾಗಿಲ್ಲ. ಪಾಚಿ ಮೇಲೆ ಅಷ್ಟೇ ಸಾಕು.

ಭಾವ ಇಷ್ಟು ವರ್ಷ ಓಡಿಸಿದ್ದೆಲ್ಲ ಮುಂದಿನ ಚಕ್ರ ಎಳೆಯೋ ಕಾರುಗಳನ್ನ. ನಮ್ಮಲ್ಲಿ ಬಹಳ ಜನರ ಕಥೆ ಅದೇ. ಅಂಥ ಕಾರು ತಿರುವಿನಲ್ಲಿ ಹೆಚ್ಚು ಸ್ಪೀಡಲ್ಲಿ ಹೋದ್ರೆ ಮೂತಿ ಹೊರಗೆ ಹೋಗತ್ತೆ, ಸ್ಟೀರಿಂಗ್ ತಿರುಗಿಸಿದ್ರೂ ತಿರುಗಲ್ಲ. ಹೆದರಿಕೆ ಆಗತ್ತೆ, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀತೀವಿ, ಭಾರ ಮುಂದಕ್ಕೆ ಬರತ್ತೆ, ಮುಂದಿನ ಟೈರಿಗೆ ಹಿಡಿತ ಸಿಗತ್ತೆ, ಕಾರು ದಾರಿಗೆ ಬರತ್ತೆ. ಹೆದರಿದಾಗ ಕಾಲು ತೆಗೆ ಅನ್ನೋ ಪಾಠ ಹೀಗೇ ಮೈಗೆ ಹತ್ತಿರೋದು. ಮುಂದಿನ ಚಕ್ರದ ಕಾರಿಗೆ ಅದು ಬಹುಪಾಲು ಸರಿಯಾದ ಪಾಠ ಕೂಡ. ಈ ಕೇಮನ್‌ನಲ್ಲಿ ಅಪಾಯ ಶುರುವಾಗೋದು ಅಲ್ಲೇ.

ಈಗ ನೋಡಿ. ಬಕೆಟ್ ಸುತ್ತ ಒಂದೇ ಸಮ ಸುತ್ತು ಹಾಕ್ತಿದ್ದೀನಿ. ಕಾಲು ಅಲುಗಾಡ್ತಿಲ್ಲ, ಕಾರು ಎಳೆದ ಗೆರೆ ಮೇಲೆ ಹೋಗ್ತಿದೆ. ಈಗ ಬೇಕಂತಲೇ ಆಕ್ಸಿಲರೇಟರ್ ಪೂರ್ತಿ ಬಿಡ್ತೀನಿ... ನೋಡಿದ್ರಾ? ಮೂತಿ ಒಳಗೆ ಚುಚ್ಚಿತು, ಹಿಂಭಾಗ ಹೊರಗೆ ಬೀಸಿತು, ಕಾರು ಬಂದ ದಾರಿಗೇ ಮುಖ ಮಾಡಿ ನಿಂತಿದೆ.

ಗೇಟಲ್ಲಿ ಕೊಡೆ ಹಿಡ್ಕೊಂಡು ನಿಂತಿದ್ದ ದೊಡ್ಡಪ್ಪ ಕೇಳಿದ್ದು ಮೈಕಿಗೂ ಬಿದ್ದಿದೆ, ಕೇಳಿ: "ಅಲ್ಲ ಮಾರಾಯ, ಕಾಲು ತೆಗೆದ್ರೆ ಗಾಡಿ ನಿಧಾನ ಆಗ್ಬೇಕು. ಇದ್ಯಾಕೆ ಗಿರ್ರನೆ ತಿರುಗ್ತದೆ?"

ಬಹಳ ಸರಿಯಾದ ಪ್ರಶ್ನೆ. ಕಾಲು ತೆಗೆದ ಕೂಡಲೇ ಎರಡು ಕೆಲಸ ಒಟ್ಟಿಗೆ ಆಗತ್ತೆ. ಒಂದು, ಹಿಂದಿನ ಟೈರಿನ ಮೇಲಿದ್ದ ಭಾರದಲ್ಲಿ ಸ್ವಲ್ಪ ಮುಂದಕ್ಕೆ ಹೋಗತ್ತೆ, ಹಿಂದೆ ಹಗುರ, ಹಿಡಿತ ಕಡಿಮೆ. ಎರಡು, ಇಂಜಿನ್ ಬ್ರೇಕಿಂಗ್, ಅಂದ್ರೆ ಕಾಲು ತೆಗೆದಾಗ ಇಂಜಿನ್ನೇ ಚಕ್ರವನ್ನ ತಡೆದು ನಿಧಾನ ಮಾಡೋದು. ಈ ಕಾರಲ್ಲಿ ಇಂಜಿನ್ ತಿರುಗಿಸೋದು ಹಿಂದಿನ ಚಕ್ರವನ್ನ, ಹಾಗಾಗಿ ಅದೂ ಹಿಂದಿನ ಚಕ್ರಕ್ಕೆ ಮಾತ್ರ. ಅಂದ್ರೆ ಹಿಡಿತ ಕಡಿಮೆ ಆದ ಟೈರಿಗೇ ಇನ್ನೊಂದು ಕೆಲಸ ಹೊರಿಸಿದ ಹಾಗೆ. ಇನ್ನು ಇಷ್ಟು ಬೇಗ ಯಾಕೆ ತಿರುಗತ್ತೆ ಅಂದ್ರೆ, ಇಂಜಿನ್ ಸೀಟಿನ ಬೆನ್ನ ಹಿಂದೆ, ಹಿಂದಿನ ಆಕ್ಸಲ್‌ಗಿಂತ ಮುಂದೆ ಕೂತಿದೆ, ಭಾರ ಎಲ್ಲ ನಡುವಿನ ಹತ್ರ. ಅಡ್ಡೆ ಹೊತ್ತವರು ತಟ್ಟನೆ ತಿರುಗೋಕಾಗಲ್ಲ, ಎರಡು ತುದಿಯ ಕೊಡ ತಡೆಯತ್ತೆ. ಅದೇ ಎರಡು ಕೊಡ ಎದೆಗೆ ಅವಚಿಕೊಂಡ್ರೆ ಕ್ಷಣದಲ್ಲಿ ತಿರುಗಬಹುದು. ತಿರುವಿಗೆ ಈ ಕಾರು ಅಷ್ಟು ಚುರುಕಾಗಿ ಇಳಿಯೋದು ಈ ಕಾರಣಕ್ಕೆ, ಜಾರಿದ ಮೇಲೆ ಯೋಚನೆ ಮಾಡೋಕೆ ಟೈಮ್ ಕೊಡದೇ ಇರೋದೂ ಇದೇ ಕಾರಣಕ್ಕೆ. ಎರಡನ್ನೂ ಬಿಡಿಸಿ ಒಂದನ್ನ ಮಾತ್ರ ಕೊಳ್ಳೋಕಾಗಲ್ಲ.

ರ‍್ಯಾಲಿ ಜಗತ್ತು ಇದನ್ನ ಚೆನ್ನಾಗಿ ಕಂಡಿದೆ. ಲಾನ್ಸಿಯಾ ಸ್ಟ್ರಾಟೋಸ್ ಅಂತ ಗಿಡ್ಡ ಕಾರು, ಇಂಜಿನ್ ನಡುವೆ, ಮುಂದಿನ ಮತ್ತೆ ಹಿಂದಿನ ಆಕ್ಸಲ್ ನಡುವೆ ಬರೀ 2,180 ಮಿಲಿಮೀಟರ್. 1974, 75, 76, ಮೂರು ವರ್ಷ ಸತತ ವಿಶ್ವ ಚಾಂಪಿಯನ್. ಆಮೇಲೆ 1983ರಲ್ಲಿ ಅದೇ ಕಂಪನಿಯ 037, ಅದಕ್ಕೂ ಇಂಜಿನ್ ನಡುವೆ, ನಾಲ್ಕೂ ಚಕ್ರ ಎಳೆಯೋ ಆಡಿ ಕ್ವಾಟ್ರೋ ಎದುರು ತಯಾರಕರ ಪ್ರಶಸ್ತಿ ಗೆದ್ದಿತು. ಬರೀ ಹಿಂದಿನ ಚಕ್ರ ತಿರುಗೋ ಕಾರು ಆ ಪ್ರಶಸ್ತಿ ಗೆದ್ದದ್ದು ಅದೇ ಕೊನೆ. ಆ ವರ್ಷದ ಮಾಂಟೆ ಕಾರ್ಲೋ ರ‍್ಯಾಲಿಯಲ್ಲಿ ವಾಲ್ಟರ್ ರೋರ್ಲ್ 037 ಓಡಿಸಿ ಗೆದ್ದರು. ನಮ್ಮ ಚಿಕ್ಕಮಗಳೂರಿನ ತೋಟದ ದಾರಿಗಳಲ್ಲೂ ಏಷ್ಯಾ ಪೆಸಿಫಿಕ್ ಮಟ್ಟದ ರ‍್ಯಾಲಿ ನಡೆದಿದೆ. ಇಲ್ಲಿನ ಹುಡುಗರಿಗೆ ಕಾರು ಜಾರೋದು ಹೊಸದಲ್ಲ. ಆದ್ರೆ ಅವರ ಕಣ್ಣಲ್ಲಿ ಕೂತಿರೋದು ಹೆಚ್ಚಾಗಿ ಮುಂದಿನ ಚಕ್ರದ, ಇಲ್ಲ ನಾಲ್ಕು ಚಕ್ರದ ಕಾರುಗಳ ಜಾರಾಟ. ಅದನ್ನೇ ಇಲ್ಲಿಗೆ ತಂದ್ರೆ ನಡೆಯಲ್ಲ.

ಸರಿ, ಮದ್ದೇನು? ಪೆಡಲ್ ಹತ್ರ ಇಟ್ಟ ಕ್ಯಾಮೆರಾದ ದೃಶ್ಯ ಇದು. ಭಾವನ ಬಲಗಾಲು ನೋಡಿ. ಹಿಂಭಾಗ ಹೊರಗೆ ಹೊರಟಿದೆ, ಅದು ಕಣ್ಣಿಗಿಂತ ಮುಂಚೆ ಸೊಂಟಕ್ಕೆ ಗೊತ್ತಾಗತ್ತೆ, ಸೀಟು ಪಕ್ಕಕ್ಕೆ ತಳ್ಳಿದ ಹಾಗೆ. ಕಾಲು ಪೆಡಲ್ ಬಿಟ್ಟು ಮೇಲೆ ಬಂದಿಲ್ಲ, ಹಿಮ್ಮಡಿ ನೆಲಕ್ಕೆ ಊರಿದೆ, ಹೆಬ್ಬೆರಳಿನ ಬುಡ ಮಾತ್ರ ಕೂದಲೆಳೆಯಷ್ಟು ಒತ್ತಿದೆ. ಭಾರ ಹಿಂದಕ್ಕೆ ಬಂದು ಹಿಂದಿನ ಟೈರು ಮತ್ತೆ ಕೂತ್ಕೊಳ್ಳೋಕೆ ಅಷ್ಟು ಸಾಕು. ಅದೇ ಹೊತ್ತಿಗೆ ಕೈ, ಹಿಂಭಾಗ ಯಾವ ಕಡೆ ಜಾರ್ತಿದೆಯೋ ಆ ಕಡೆಗೆ ಸ್ಟೀರಿಂಗ್ ತಿರುಗಿಸಿದೆ. ಕಣ್ಣು ಬಕೆಟ್ ಮೇಲಿಲ್ಲ, ಕಾರು ಹೋಗಬೇಕಾದ ಖಾಲಿ ಜಾಗದ ಮೇಲಿದೆ. ಕಣ್ಣು ಎಲ್ಲೋ ಕೈಯೂ ಅಲ್ಲೇ ಹೋಗೋದು.

ತಿರುವಿನಿಂದ ಹೊರಗೆ ಬರುವಾಗ ಆಕ್ಸಿಲರೇಟರ್ ಜಾಸ್ತಿ ಕೊಟ್ಟು ಹಿಂದಿನ ಚಕ್ರ ಹಿಡಿತ ಇಲ್ಲದೆ ಬರೀ ಸುತ್ತಿದ್ರೆ ಬೇರೆ ಲೆಕ್ಕ. ಆಗ ಕಾಲು ಕಡಿಮೆ ಮಾಡಲೇಬೇಕು. ಆದ್ರೆ ಮೆಲ್ಲಗೆ, ಚಕ್ರ ಸುತ್ತೋದು ನಿಲ್ಲುವಷ್ಟು ಮಾತ್ರ. ಒಮ್ಮೆಲೇ ಪೂರ್ತಿ ಬಿಟ್ರೆ ಮೊದಲನೇ ಜಾರಾಟದ ಮೇಲೆ ಎರಡನೇದು ಸೇರ್ಕೊಳ್ಳತ್ತೆ.

ಇನ್ನೊಂದು ವಿಷಯ ಹೇಳ್ಲೇಬೇಕು, ನನ್ನ ಪ್ರಕಾರ ಹೆಚ್ಚು ಕಾರು ಕೆಡೋದು ಇಲ್ಲಿ. ಹಿಂಭಾಗ ಜಾರಿದ ಕಡೆಗೆ ಸ್ಟೀರಿಂಗ್ ತಿರುಗಿಸೋದು ಬಹಳ ಜನಕ್ಕೆ ಬರತ್ತೆ. ಸರಿಯಾದ ಹೊತ್ತಿಗೆ ಅದನ್ನ ನೆಟ್ಟಗೆ ಮಾಡೋದು ಬರಲ್ಲ. ಹಿಂದಿನ ಟೈರಿಗೆ ಹಿಡಿತ ವಾಪಸ್ ಬಂದ ಕ್ಷಣ ಮುಂದಿನ ಚಕ್ರ ಇನ್ನೂ ಓರೆ ಇದ್ರೆ, ಕಾರು ಆ ಕಡೆಗೇ ಚಾಟಿ ಬೀಸಿದ ಹಾಗೆ ಹೋಗತ್ತೆ, ಮೊದಲಿಗಿಂತ ಜೋರಾಗಿ. ಸ್ಲೋ ಮೋಷನ್ನಲ್ಲಿ ಭಾವನ ಕೈ ನೋಡಿ. ಸ್ಟೀರಿಂಗ್ ತಾನಾಗೇ ನೆಟ್ಟಗೆ ಬರೋಕೆ ಶುರುವಾಗಿದೆ, ಅವರು ಅದನ್ನ ಬಿಗಿಹಿಡಿದು ತಡೀತಿಲ್ಲ, ಬೆರಳ ಸಂದಿಯಲ್ಲಿ ಸರಿಯೋಕೆ ಬಿಡ್ತಿದ್ದಾರೆ.

ಇಷ್ಟಾದ್ರೂ ಕೈ ಮೀರಿ ಸುತ್ತೋಕೆ ಶುರುವಾದ್ರೆ ಹೋರಾಟ ಬಿಡಿ, ಬ್ರೇಕ್ ಪೂರ್ತಿ ಒತ್ತಿ ಹಿಡೀರಿ. ಮ್ಯಾನುಯಲ್ ಗೇರ್ ಇದ್ರೆ ಕ್ಲಚ್ಚೂ ಒಟ್ಟಿಗೆ.

ದೊಡ್ಡಪ್ಪನ ಎರಡನೇ ಪ್ರಶ್ನೆ: "ಚಾರ್ಮಾಡಿ ಘಾಟಿಲಿ ಹಿಂಗಾದ್ರೆ?" ಘಾಟಿಯಲ್ಲಿ ಈ ವಿದ್ಯೆಯೆಲ್ಲ ತೋರಿಸೋಕೆ ಜಾಗವೇ ಇಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ಎದುರಿಂದ ಬಸ್ಸು. ಕೊಟ್ಟಿಗೆಹಾರ ದಾಟಿದ್ರೆ ಮಂಜು ಬೇರೆ. ಸಿಲ್ವರ್ ಓಕ್ ಎಲೆ ಕೊಳೆತು ರಸ್ತೆಗೆ ಅಂಟಿರತ್ತೆ, ಲಾರಿಯಿಂದ ಸೋರಿದ ಡೀಸೆಲ್ ತಿರುವಿನಲ್ಲೇ ಇರತ್ತೆ. ಅಲ್ಲಿ ಮಾಡಬೇಕಾದ್ದೆಲ್ಲ ತಿರುವಿಗೆ ಮುಂಚೆ. ಕಾರು ನೆಟ್ಟಗಿರುವಾಗಲೇ ಬ್ರೇಕ್ ಮುಗಿಸಿ, ಗೇರ್ ಇಳಿಸೋದೂ ಅಲ್ಲೇ ಮುಗಿಸಿ. ಇಳಿಜಾರಿನ ಒದ್ದೆ ತಿರುವಿನ ನಡುವೆ ಗೇರ್ ಇಳಿಸಿದ್ರೆ ಹಿಂದಿನ ಚಕ್ರ ಹಿಡಿದು ಎಳೆದ ಹಾಗಾಗತ್ತೆ, ಕಾಲು ತೆಗೆದದ್ದಕ್ಕಿಂತ ಕೆಟ್ಟದು. ತಿರುವಿನೊಳಗೆ ಆಕ್ಸಿಲರೇಟರ್ ಒಂದೇ ಹದದಲ್ಲಿ ಇರಲಿ. ಸ್ಟೆಬಿಲಿಟಿ ಕಂಟ್ರೋಲ್, ಅಂದ್ರೆ ಕಾರು ಜಾರೋಕೆ ಹೊರಟ್ರೆ ತಾನಾಗೇ ತಡೆಯೋ ವ್ಯವಸ್ಥೆ, ಈ ಕಾರಲ್ಲಿ ಪಿಎಸ್ಎಂ ಅಂತಾರೆ, ಅದನ್ನ ನಾವು ಆಫ್ ಮಾಡಿದ್ದು ಈ ಕಣದಲ್ಲಿ ಮಾತ್ರ. ಗೇಟ್ ದಾಟೋ ಮುಂಚೆ ಆನ್.

ಕೊನೆಗೆ ಟೈರು. ಈ ಕಾರಲ್ಲಿ ಹಿಂದಿನ ಟೈರು 265 ಮಿಲಿಮೀಟರ್ ಅಗಲ, ಮುಂದಿನದು 235. ಸೈಜೇ ಬೇರೆ ಆದ್ದರಿಂದ ಹಿಂದೆ ಮುಂದೆ ಅದಲು ಬದಲು ಮಾಡೋಕಾಗಲ್ಲ. ಹಿಂದಿನ ಟೈರಿನ ಗೀರಿಗೆ ಗೇಜ್ ಇಟ್ಟು ನೋಡಿದ್ವಿ, ಎರಡೂವರೆ ಮಿಲಿಮೀಟರ್ ಉಳಿದಿದೆ. ಕಾನೂನಿನ ಮಿತಿ 1.6, ಹಾಗಾಗಿ ಕಾನೂನಿಗೆ ಸರಿ. ಆದ್ರೆ ಮಲೆನಾಡಿನ ಮಳೆಯಲ್ಲಿ ನೀರು ಹೊರಗೆ ತಳ್ಳೋಕೆ ಅದು ಸಾಲದು. ಭಾವ ಇಲ್ಲಿಂದಲೇ ಫೋನ್ ಮಾಡಿ ಹಿಂದಿನ ಎರಡೂ ಟೈರಿಗೆ ಹೇಳಿದ್ದಾರೆ. ಅವು ಬರೋವರೆಗೆ ಮಳೆ ಇರೋ ದಿನ ಕೇಮನ್ ದೊಡ್ಡಪ್ಪನ ಶೆಡ್ಡಲ್ಲೇ ಇರತ್ತೆ.