ಕೊನೆ ಗೊತ್ತಿದ್ದೂ ಬಿಡದೆ ಓದಿಸುವವರು

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷಿನ ಥ್ರಿಲ್ಲರ್ ಕಾದಂಬರಿಕಾರ ಫ್ರೆಡರಿಕ್ ಫೋರ್ಸೈತ್ ಬಗ್ಗೆ ಮಾತಾಡಿ ಅಂದಾಗ ಖುಷಿಯಿಂದ ಒಪ್ಪಿಕೊಂಡೆ. ಆಮೇಲೆ ಅವರ ಪುಸ್ತಕಗಳನ್ನು ಮತ್ತೆ ಓದಲು ಕೂತೆ. ತೊಂದರೆ ಶುರುವಾಗಿದ್ದೇ ಅಲ್ಲಿ. ಕಾಲೇಜು ದಿನಗಳಲ್ಲಿ ಕಣ್ಣುಮುಚ್ಚಿ ಮೆಚ್ಚಿದ್ದನ್ನೆಲ್ಲ ಈಗ ಹಾಗೆ ಮೆಚ್ಚಲು ಆಗಲಿಲ್ಲ.

ಮೊದಲು ಹೊಗಳಿಬಿಡುತ್ತೇನೆ. 'ದಿ ಡೇ ಆಫ್ ದಿ ಜಾಕಲ್' ಬಂದಿದ್ದು 1971ರಲ್ಲಿ. ಫ್ರಾನ್ಸಿನ ಅಧ್ಯಕ್ಷ ಡಿಗಾಲ್ ಅವರನ್ನು ಕೊಲ್ಲಲು ಜಾಕಲ್ ಎಂಬ ಗುಪ್ತನಾಮದ ಒಬ್ಬ ಬಾಡಿಗೆ ಹಂತಕ ಹೊರಡುತ್ತಾನೆ. ಕಥೆ ನಡೆಯುವುದು 1963ರಲ್ಲಿ. ಆದರೆ ಡಿಗಾಲ್ ತೀರಿಕೊಂಡಿದ್ದು 1970ರಲ್ಲಿ, ತಮ್ಮ ಮನೆಯಲ್ಲೇ. ಅಂದರೆ ಹಂತಕ ಸೋಲುತ್ತಾನೆ ಅನ್ನುವುದು ಪುಸ್ತಕ ತೆರೆಯುವ ಮುಂಚೆಯೇ ಗೊತ್ತು! ಹಲವು ಪ್ರಕಾಶಕರು ಹಸ್ತಪ್ರತಿಯನ್ನು ವಾಪಸ್ ಕಳಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಕೊಲೆಗಾರ ಯಾರು ಅಂತ ಯಾರಾದರೂ ಬಾಯಿಬಿಟ್ಟರೆ ಪತ್ತೇದಾರಿ ಕಾದಂಬರಿ ಅಲ್ಲಿಗೆ ಮುಗಿಯಿತು, ಅಲ್ವಾ? ಇದು ಮಾತ್ರ ಮುಗಿಯುವುದಿಲ್ಲ.

ಯಾಕೆಂದರೆ ನಾವು ಕಾಯುವುದು ಕೊನೆಗಾಗಿ ಅಲ್ಲ, ಅವನ ಮುಂದಿನ ಕೆಲಸಕ್ಕಾಗಿ. ಹಂತಕ ಹಳ್ಳಿಯೊಂದರ ಸ್ಮಶಾನಕ್ಕೆ ಹೋಗುತ್ತಾನೆ. ಬದುಕಿದ್ದರೆ ಈಗ ತನ್ನ ವಯಸ್ಸೇ ಆಗಿರುತ್ತಿದ್ದ ಒಂದು ಮಗುವಿನ ಸಮಾಧಿ ಹುಡುಕುತ್ತಾನೆ. ಆ ಹೆಸರಿನಲ್ಲಿ ಜನನ ಪ್ರಮಾಣಪತ್ರ ತೆಗೆಸಿ, ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಾನೆ. ಬ್ರಿಟನ್ನಿನಲ್ಲಿ ಆಗ ನಿಜಕ್ಕೂ ಹೀಗೆ ಮಾಡಬಹುದಿತ್ತು. ಆಮೇಲೆ ಬಂದೂಕು. ಬಿಡಿಬಿಡಿ ಮಾಡಿ ಊರುಗೋಲಿನ ಕೊಳವೆಯೊಳಗೆ ಅಡಗಿಸುವಂಥದ್ದು. ಅದನ್ನು ಕಾಡಿನಲ್ಲಿ, ಮರಕ್ಕೆ ನೇತುಹಾಕಿದ ಕರಬೂಜದ ಮೇಲೆ ಪರೀಕ್ಷಿಸುತ್ತಾನೆ. ಆ ಹಣ್ಣು ಚೂರಾಗುವುದನ್ನು ಓದಿದಾಗ ಹೊಟ್ಟೆಯಲ್ಲಿ ಏನೋ ತಣ್ಣಗಾಗುತ್ತದೆ. ಫೋರ್ಸೈತ್ 60ರ ದಶಕದ ಶುರುವಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯ ವರದಿಗಾರರಾಗಿ ಪ್ಯಾರಿಸ್ಸಿನಲ್ಲಿದ್ದವರು. ಸುದ್ದಿ ಬರೆದ ಕೈ ಅದು. ಒಂದು ವಿಶೇಷಣವೂ ಜಾಸ್ತಿ ಇಲ್ಲ.

1972ರ 'ದಿ ಒಡೆಸ್ಸಾ ಫೈಲ್'ನಲ್ಲೂ ಆ ಕೈಯ ಗುರುತಿದೆ. ಅದರ ಖಳನಾಯಕ ರೋಷ್‌ಮನ್ ಕಲ್ಪನೆಯ ಪಾತ್ರವಲ್ಲ, ನಿಜವಾದ ನಾಜಿ ಅಧಿಕಾರಿ. ಲಾಟ್ವಿಯಾದ ರೀಗಾ ನಗರದಲ್ಲಿ ನಾಜಿಗಳ ಸೆರೆಯಿಂದ ಬದುಕುಳಿದ ಯಹೂದಿ ಮುದುಕನೊಬ್ಬನ ದಿನಚರಿಯ ಪುಟಗಳನ್ನು ಮರೆಯುವುದು ಕಷ್ಟ. ಆದರೆ ಅದನ್ನು ಓದಿ ರೋಷ್‌ಮನ್‌ನ ಬೆನ್ನುಹತ್ತುವ ಪತ್ರಕರ್ತ ನಾಯಕನ ಸ್ವಂತ ಸೇಡಿನ ಗುಟ್ಟು ಕೊನೆಯಲ್ಲಿ ಬಿಚ್ಚಿಕೊಳ್ಳುತ್ತದಲ್ಲ, ಸಿನಿಮಾ ಅನ್ನಿಸಿಬಿಟ್ಟಿತು. ಸುಮ್ನೆ ಒಬ್ಬ ಪತ್ರಕರ್ತ ಆ ದಿನಚರಿ ಓದಿ ಕೆರಳಿದ್ದರೆ ಸಾಲುತ್ತಿರಲಿಲ್ಲವೇ?

ನನ್ನ ತಕರಾರು ಇರುವುದೇ ಇಲ್ಲಿ. ಈ ಮನುಷ್ಯನಿಗೆ ಕಾಗದಪತ್ರ ಗೊತ್ತು, ಯಂತ್ರ ಗೊತ್ತು. ಜನ ಅಷ್ಟಾಗಿ ಗೊತ್ತಿಲ್ಲ. ಜಾಕಲ್‌ಗೆ ಮನಸ್ಸೇ ಇಲ್ಲದಂತೆ ಬರೆದಿದ್ದು ಆ ಪುಸ್ತಕಕ್ಕೆ ಹೊಂದಿತು. ಅವನಿಗೆ ನಿಜವಾದ ಹೆಸರೂ ಇಲ್ಲವಲ್ಲ. ಆದರೆ ಅಲ್ಲೇ ಹೆಂಗಸರನ್ನು ನೋಡಿ. ಒಬ್ಬಳು ಗುಟ್ಟು ತೆಗೆಯಲು ಅಧಿಕಾರಿಯ ಹಾಸಿಗೆಗೆ ಹೋಗುತ್ತಾಳೆ. ಇನ್ನೊಬ್ಬಳು ಜಾಕಲ್‌ಗೆ ಆಸರೆ ಕೊಟ್ಟು, ಅವನ ಕೈಯಲ್ಲೇ ಸಾಯುತ್ತಾಳೆ. ಕೆಲಸ ಮುಗಿಯಿತು, ಪುಟ ತಿರುಗಿತು.

ಕೊಲ್ಲಿ ಯುದ್ಧದ ಕಥೆ ಹೇಳುವ 1994ರ 'ದಿ ಫಿಸ್ಟ್ ಆಫ್ ಗಾಡ್'ನಲ್ಲಿ ಮೈಕ್ ಮಾರ್ಟಿನ್ ಎಂಬ ಬ್ರಿಟಿಷ್ ಸೈನಿಕ ಬರುತ್ತಾನೆ. ಅರಬ್ಬನ ವೇಷ ಹಾಕಿದರೂ ಯಾರಿಗೂ ಅನುಮಾನ ಬರುವುದಿಲ್ಲ. ಕಾರಣ, ಅವನ ತಾಯಿಯ ತಾಯಿ ಭಾರತದವಳು. ಡಾರ್ಜಿಲಿಂಗ್‌ನ ಇಂಗ್ಲಿಷ್ ಟೀ ಪ್ಲಾಂಟರ್ ಒಬ್ಬನನ್ನು ಮದುವೆಯಾದವಳು. ಆ ಕಾಲದಲ್ಲಿ ಅಂಥ ಮದುವೆ ಅಂದರೆ ಎಷ್ಟು ದೊಡ್ಡ ಕಥೆ! ಫೋರ್ಸೈತ್ ಮೊಮ್ಮಗನಿಗೆ ಬೇಕಾದ ಮೈಬಣ್ಣವನ್ನು ಅವಳಿಂದ ಈಸಿಕೊಂಡು, ಟ್ಯಾಂಕುಗಳ ಕಡೆ ಹೊರಟುಬಿಡುತ್ತಾರೆ. ನಾನು ಮಾತ್ರ ಇನ್ನೂ ಆ ಅಜ್ಜಿಯ ಹತ್ತಿರವೇ ನಿಂತಿದ್ದೇನೆ.