ಫ್ಲೂಯಿಡ್ ಔನ್ಸ್ ಅಂದರೆ ಎಷ್ಟು ಎಂಎಲ್? ಮೊದಲು ಯಾವ ಔನ್ಸ್ ಅಂತ ಕೇಳಿ

ನಮಸ್ಕಾರ ಸ್ನೇಹಿತರೇ. ನಾನು ಕೈಯಲ್ಲಿ ಹಿಡಿದಿರುವ ಈ ನೀರಿನ ಬಾಟಲಿಯ ಲೇಬಲ್ ಸ್ವಲ್ಪ ಹತ್ತಿರದಿಂದ ನೋಡಿ. 16.9 ಫ್ಲೂಯಿಡ್ ಔನ್ಸ್ ಅಂತ ಇದೆ. ಇದೆಂಥ ಸಂಖ್ಯೆ ಅನಿಸುತ್ತದೆ, ಅಲ್ವಾ? ಪಕ್ಕದಲ್ಲೇ 500 ಎಂಎಲ್ ಅಂತ ಬರೆದಿದೆ. ಅಂದರೆ ಬಾಟಲಿ ಅರ್ಧ ಲೀಟರಿನದೇ. ಅದನ್ನೇ ಔನ್ಸಿಗೆ ಬದಲಾಯಿಸಿದಾಗ 16.9 ಬಂದಿದೆ, ಅಷ್ಟೇ.

ದಿನನಿತ್ಯದ ಲೆಕ್ಕಕ್ಕೆ 30 ಅನ್ನುವ ಒಂದು ಸಂಖ್ಯೆ ನೆನಪಿದ್ದರೆ ಸಾಕು. ಔನ್ಸನ್ನು 30ರಿಂದ ಗುಣಿಸಿದರೆ ಸುಮಾರಾಗಿ ಎಂಎಲ್ ಸಿಗುತ್ತದೆ. ಎಂಎಲ್ ಅನ್ನು 30ರಿಂದ ಭಾಗಿಸಿದರೆ ಔನ್ಸ್. 8 ಔನ್ಸಿನ ಬಾಟಲಿ ಅಂದರೆ 240 ಎಂಎಲ್ ಹತ್ತಿರ. ಮನಸ್ಸಲ್ಲೇ ಮಾಡಬಹುದು, ಮೊಬೈಲ್ ತೆಗೆಯುವುದೇ ಬೇಡ.

ಆದರೆ ಗುಣಿಸುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು. ಇದು ಅಮೆರಿಕದ ಔನ್ಸಾ, ಬ್ರಿಟನ್ನಿನ ಔನ್ಸಾ? ಎರಡೂ ಬೇರೆ ಬೇರೆ. ಅಮೆರಿಕದ್ದು 29.57 ಎಂಎಲ್, ಬ್ರಿಟನ್ನಿನದು 28.41 ಎಂಎಲ್.

ಇದರ ಹಿಂದಿನ ಕಥೆ ನನಗೆ ತುಂಬಾ ಇಷ್ಟ. ಇಂಗ್ಲೆಂಡಿನಲ್ಲಿ ರಾಣಿ ಆ್ಯನ್ ಕಾಲದಲ್ಲಿ ವೈನ್ ಅಳೆಯಲು 231 ಘನ ಇಂಚಿನ ಗ್ಯಾಲನ್ ಅನ್ನುವ ದೊಡ್ಡ ಅಳತೆ ಇತ್ತು, ಔನ್ಸ್ ಅದರದೇ ಒಂದು ಪಾಲು. ಅಮೆರಿಕ ಅದನ್ನೇ ಉಳಿಸಿಕೊಂಡಿತು. ಬ್ರಿಟನ್ 1824ರಲ್ಲಿ ಹೊಸ ಕಾನೂನು ತಂದು, 10 ಪೌಂಡ್ ನೀರು ಹಿಡಿಯುವಷ್ಟು ಜಾಗವೇ ಒಂದು ಗ್ಯಾಲನ್ ಅಂತ ನಿಗದಿ ಮಾಡಿತು. ಹಾಗಾಗಿ ಅಲ್ಲಿನ ಗ್ಯಾಲನ್ ದೊಡ್ಡದಾಯಿತು. ಈಗಿನ ಲೆಕ್ಕದಲ್ಲಿ ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದು 4.546 ಲೀಟರ್.

ಗ್ಯಾಲನ್ ದೊಡ್ಡದಾದರೂ ಔನ್ಸ್ ಹೇಗೆ ಚಿಕ್ಕದಾಯಿತು? ಅಮೆರಿಕದ ಗ್ಯಾಲನ್‌ನಲ್ಲಿ 128 ಔನ್ಸ್, ಬ್ರಿಟನ್ನಿನದರಲ್ಲಿ 160. ಜಾಸ್ತಿ ಪಾಲು ಮಾಡಿದ್ದರಿಂದ ಒಂದೊಂದು ಪಾಲು ಚಿಕ್ಕದಾಯಿತು. ಪಿಂಟ್ ವಿಷಯವೂ ಹೀಗೇ. ಅಮೆರಿಕದಲ್ಲಿ 16 ಔನ್ಸಿಗೆ ಒಂದು ಪಿಂಟ್, ಅದು 473 ಎಂಎಲ್. ಬ್ರಿಟನ್ನಿನಲ್ಲಿ 20 ಔನ್ಸಿಗೆ ಒಂದು ಪಿಂಟ್, 568 ಎಂಎಲ್. ಹೆಸರು ಒಂದೇ, ವ್ಯತ್ಯಾಸ 95 ಎಂಎಲ್! ಔನ್ಸ್ ಔನ್ಸಿಗೆ ಹೋಲಿಸಿದರೆ ಒಂದು ಎಂಎಲ್ ಚಿಲ್ಲರೆ ವ್ಯತ್ಯಾಸ, ಯಾರೂ ಗಮನಿಸುವುದಿಲ್ಲ. ಪಿಂಟ್, ಗ್ಯಾಲನ್‌ಗೆ ಬಂದಾಗ ಮಾತ್ರ ಲೆಕ್ಕವೇ ಬದಲಾಗುತ್ತದೆ.

30ರ ಅಂದಾಜು ಎಲ್ಲಿ ಕೈಕೊಡುತ್ತದೆ ಅನ್ನುವುದೂ ಇಲ್ಲೇ ಕಾಣುತ್ತದೆ. ಅಮೆರಿಕದ ಒಂದು ಗ್ಯಾಲನ್, 128 ಗುಣಿಸು 30, ಉತ್ತರ 3840 ಎಂಎಲ್. ನಿಜವಾದದ್ದು 3785. ಸುಮಾರು 55 ಎಂಎಲ್ ಹೆಚ್ಚು, ಪರವಾಗಿಲ್ಲ. ಬ್ರಿಟನ್ನಿನ ಗ್ಯಾಲನ್‌ಗೆ ಹೀಗೇ ಮಾಡಿದರೆ 4800 ಬರುತ್ತದೆ. ನಿಜವಾದದ್ದು 4546. ಕಾಲು ಲೀಟರಿಗಿಂತ ಜಾಸ್ತಿ ತಪ್ಪು! ಅದಕ್ಕೇ ಬ್ರಿಟಿಷ್ ಅಳತೆಗೆ 28.4 ಬಳಸಿ.

ಕಪ್ಪು, ಚಮಚದ ಲೆಕ್ಕ ಸುಲಭ. ಅಮೆರಿಕದ ಅಳತೆಯ ಕಪ್ 8 ಔನ್ಸ್, ಸುಮಾರು 237 ಎಂಎಲ್. ದೊಡ್ಡ ಚಮಚ ಅರ್ಧ ಔನ್ಸ್, ಹತ್ತಿರ ಹತ್ತಿರ 15 ಎಂಎಲ್. ಟೀ ಚಮಚ ಅದರ ಮೂರನೇ ಒಂದು ಭಾಗ, 5 ಎಂಎಲ್.

ಇನ್ನೊಂದು ವಿಷಯ. ತೂಕದ ಔನ್ಸ್ ಬೇರೆಯೇ ಇದೆ, ಅದು 28.35 ಗ್ರಾಂ. ಲೇಬಲ್ ಮೇಲೆ ಫ್ಲೂಯಿಡ್ ಅಂತ ಇದ್ದರೆ ಮಾತ್ರ ಅದು ಎಷ್ಟು ಜಾಗ ಹಿಡಿಯುತ್ತದೆ ಅನ್ನುವ ಅಳತೆ. ನೀರಿಗೆ ಎರಡೂ ಹತ್ತಿರ ಇರುವುದರಿಂದ ಗೊತ್ತೇ ಆಗುವುದಿಲ್ಲ. ಆದರೆ ಜೇನುತುಪ್ಪ ತಗೊಳ್ಳಿ. ಅಮೆರಿಕದ ಒಂದು ಫ್ಲೂಯಿಡ್ ಔನ್ಸ್ ಜೇನುತುಪ್ಪ ಸುಮಾರು 42 ಗ್ರಾಂ ತೂಗುತ್ತದೆ. ತಕ್ಕಡಿಯಲ್ಲಿ 28 ಗ್ರಾಂ ಇಟ್ಟು ಒಂದು ಔನ್ಸ್ ಆಯ್ತು ಅಂದುಕೊಂಡರೆ ಮೂರನೇ ಒಂದು ಭಾಗವೇ ಕಮ್ಮಿ ಬೀಳುತ್ತದೆ.

ಔಷಧಿಗೆ ಮಾತ್ರ ಈ ಅಂದಾಜು ಯಾವುದೂ ಬೇಡ, ಅದರಲ್ಲೂ ಮಕ್ಕಳ ಔಷಧಿಗೆ. ಚೀಟಿಯಲ್ಲಿ ಎಂಎಲ್ ಅಂತ ಬರೆದಿದ್ದರೆ, ಎಂಎಲ್ ಗೆರೆ ಇರುವ ಸಿರಿಂಜಿನಲ್ಲೇ ಅಥವಾ ಬಾಟಲಿ ಜೊತೆ ಬಂದ ಅಳತೆಯ ಮುಚ್ಚಳದಲ್ಲೇ ಅಳೆದು ಕೊಡಿ.